ಗುಳಿಗೆ ಬಿಟ್ಟ ವರ್ಷ

ಗೌರಿ ಹಬ್ಬ ಕಳೆದು ಎರಡು ವಾರಕ್ಕೆ, ಒಂದು ಸೋಮವಾರ ಬೆಳಿಗ್ಗೆ, ನಾನು ಗುಳಿಗೆ ನುಂಗಲಿಲ್ಲ. ಮರೆತಿದ್ದಲ್ಲ, ಬೇಕೆಂದೇ ಬಿಟ್ಟದ್ದು. ಸೀಸೆಯನ್ನು ಅಡುಗೆಮನೆ ಗೂಡಿನಿಂದ ತೆಗೆದು ಟ್ರಂಕಿನ ತಳಕ್ಕೆ ಸೇರಿಸಿದೆ, ಮೇಲೆ ಮದುವೆ ಸೀರೆಗಳನ್ನು ಜೋಡಿಸಿ ಬೀಗ ಹಾಕಿದೆ. ಆಮೇಲೆ ಬಿಳಿ ಸೀರೆ ಉಟ್ಟು, ಹೆರಿಗೆ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟೆ. ಯಲಹಂಕದ ಪೇಟೆ ಬೀದಿಯಲ್ಲಿ ನಡೆಯುವಾಗ ಏನೋ ದೊಡ್ಡ ಪರೀಕ್ಷೆ ಪಾಸಾದವಳ ಹಾಗೆ ನನ್ನಷ್ಟಕ್ಕೆ ನಕ್ಕಿದ್ದೆ.

ಅರವತ್ತರ ದಶಕದ ನಡುಭಾಗ ಅದು. ನಾನು ಯಲಹಂಕದ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ನರ್ಸು. ಸುತ್ತಿನ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡುವುದು, ಹೆರಿಗೆ ಮಾಡಿಸುವುದು, ಬಾಣಂತಿ ಮನೆಗೆ ಹತ್ತು ದಿನ ಹೋಗಿ ಬರುವುದು ನನ್ನ ಕೆಲಸ. ನನ್ನ ಯಜಮಾನರು ಯಶವಂತಪುರದ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ದಿನಾ ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಆರು ವರ್ಷದ ಮಗಳು.

ಅದಕ್ಕೆ ಹಿಂದಿನ ವರ್ಷ ನನಗೆ ಮನಸ್ಸಿನ ಕಾಯಿಲೆ ಬಂದಿತ್ತು. ಕಾರಣ ಹುಡುಕಿ ಹುಡುಕಿ ಎಲ್ಲರೂ ಸುಸ್ತಾದರು. ಯಾರೂ ಸತ್ತಿರಲಿಲ್ಲ, ಯಾರೂ ಬಯ್ದಿರಲಿಲ್ಲ. ಕೆಲವು ತಿಂಗಳಿಂದ ಎಲ್ಲ ಮಂಕಾಗುತ್ತಾ ಬಂದಿತ್ತು. ಒಂದು ದಿನ ಕೊಡ ಎತ್ತಿಕೊಂಡು ನೀರಿಗೆ ಹೊರಟವಳು ಬಾಗಿಲಲ್ಲೇ ನಿಂತೆ, ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ತಿಂಗಳುಗಟ್ಟಲೆ ಹಾಗೇ. ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿರಲಿಲ್ಲ, ಮಗಳು ಬಂದು ತಬ್ಬಿದರೂ ಯಾರದೋ ಮಗು ಅನ್ನಿಸುತ್ತಿತ್ತು. ಬಾಯಿಗಿಟ್ಟ ಅನ್ನ ಮರದ ಹೊಟ್ಟಿನ ಹಾಗೆ. ದೃಷ್ಟಿ ತೆಗೆದರು, ಹರಕೆ ಹೊತ್ತರು, ಯಂತ್ರ ಕಟ್ಟಿಸಿದರು. ಕೊನೆಗೆ ನಮ್ಮ ಯಜಮಾನರು ರಜೆ ಹಾಕಿ, ನನ್ನನ್ನು ರೈಲು ಹತ್ತಿಸಿ, ಬೆಂಗಳೂರಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಆ ಡಾಕ್ಟರು ತಲೆ ನೆರೆತವರು, ನಿಧಾನವಾಗಿ ಮಾತಾಡುವವರು. "ಇದಕ್ಕೆ ಈಗ ಹೊಸದಾಗಿ ಒಂದು ಗುಳಿಗೆ ಬಂದಿದೆ. ಬಾಯಿ ಒಣಗುತ್ತೆ, ಕೈ ಸ್ವಲ್ಪ ನಡುಗುತ್ತೆ, ಮೊದಲ ಮೂರು ವಾರ ಏನೂ ಗುಣ ಕಾಣಲ್ಲ. ಬಿಡಬೇಡಿ" ಅಂದರು. ದಿನಕ್ಕೆ ಮೂರು. ಐದನೇ ವಾರ, ಪುಷ್ಯ ಮಾಸದ ಒಂದು ಮಧ್ಯಾಹ್ನ, ಅತ್ತೆ ಮಾಡಿದ್ದ ಅವರೆಕಾಳು ಸಾರಿನ ಸೊಗಡು ಮೂಗಿಗೆ ತಾಕಿತು. "ಇನ್ನೊಂದು ಸೌಟು ಹಾಕಿ ಅತ್ತೆ" ಅಂದೆ. ಅತ್ತೆ ಸೌಟು ಹಿಡಿದುಕೊಂಡೇ ಅತ್ತುಬಿಟ್ಟರು.

ಅಲ್ಲಿಂದ ಎಂಟು ತಿಂಗಳು ಚೆನ್ನಾಗಿದ್ದೆ. ಚೆನ್ನಾಗಿದ್ದೇನೆ ಅಂದಮೇಲೆ ಗುಳಿಗೆ ಯಾಕೆ? ಜ್ವರ ಬಿಟ್ಟಮೇಲೆ ಯಾರಾದರೂ ಜ್ವರದ ಔಷಧಿ ಕುಡಿಯುತ್ತಾರಾ? ಕೇಂದ್ರಕ್ಕೆ ಬರುವವರೆಲ್ಲರಿಗೂ ಡಾಕ್ಟರನ್ನು ಕೇಳದೆ ಮದ್ದು ನಿಲ್ಲಿಸಬೇಡಿ ಎಂದು ಹೇಳುವವಳು ನಾನೇ. ನನಗೆ ಮಾತ್ರ ಆ ಮಾತು ಅನ್ವಯಿಸುವುದಿಲ್ಲ ಎಂದು ಹೇಗೋ ತೀರ್ಮಾನ ಮಾಡಿದ್ದೆ. ನಿಜ ಹೇಳಬೇಕೆಂದರೆ ನಾಚಿಕೆ. ನರ್ಸಮ್ಮನೇ ತಲೆ ಮಾತ್ರೆ ತಗೊಳ್ತಾಳಂತೆ ಅನ್ನುವ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ, ಆದರೆ ನನ್ನ ಕಿವಿಗೆ ದಿನಾ ಕೇಳುತ್ತಿತ್ತು.

ಸೋಮವಾರ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಸಂಜೆ ಅತ್ತೆ ಒಗ್ಗರಣೆಗೆ ಇಂಗು ಹಾಕಿದರು ನೋಡಿ, ಹೊಟ್ಟೆ ತೊಳಸಿ ಹಿತ್ತಲಿಗೆ ಓಡಿದೆ. ವಾಂತಿ. ಗುರುವಾರ ಬೆಳಿಗ್ಗೆ ಮತ್ತೆ ವಾಂತಿ. ಮೂಗು ಸೋರಲು ಶುರುವಾಯಿತು, ಮೈಕೈ ನೋವು, ಹೊಟ್ಟೆ ಹಿಂಡಿದ ಹಾಗೆ. ರವಿಕೆ ಬೆನ್ನಿಗೆ ಅಂಟುವಷ್ಟು ಬೆವರು. ನಿದ್ದೆ ಹತ್ತಿದರೆ ಎಂಥೆಂಥದೋ ಕನಸು, ಬಣ್ಣಬಣ್ಣದ್ದು, ಎದ್ದರೂ ಕಣ್ಣೆದುರಿಂದ ಹೋಗದಂಥದ್ದು. ಥಟ್ಟನೆ ತಲೆ ತಿರುಗಿಸಿದರೆ ಗೋಡೆಯೂ ಜೊತೆಗೆ ತಿರುಗುತ್ತಿತ್ತು.

ನಾನು ಹಿತ್ತಲಿಂದ ಬಾಯಿ ತೊಳೆದು ಬಂದರೆ ಅತ್ತೆ ಬಾಗಿಲಲ್ಲಿ ನಗುತ್ತಾ ನಿಂತಿದ್ದರು.

"ಎಷ್ಟು ದಿನ ಆಯ್ತೇ?" ಅಂದರು.

"ಏನು ಎಷ್ಟು ದಿನ?"

"ನನ್ನ ಹತ್ರ ಏನ್ ಮುಚ್ಚಿಡ್ತೀಯ, ನಾನೇನು ಹೆತ್ತಿಲ್ವಾ? ಮುಖ ನೋಡಿದ್ರೆ ಗೊತ್ತಾಗುತ್ತೆ. ಈ ಸಲ ಗಂಡೇ ಕಣೇ."

ಅವರ ಮುಖದ ಮೇಲಿದ್ದ ಬೆಳಕು ನೋಡಿ, ಇಲ್ಲ ಅನ್ನದೆ ಒಳಗೆ ಹೋದೆ. ಇಲ್ಲವೆಂದು ನನಗೆ ಖಚಿತವಾಗಿ ಗೊತ್ತಿತ್ತು. ಮಧ್ಯಾಹ್ನ ಅವರು ನಿಂಬೆ ಉಪ್ಪಿನಕಾಯಿಯ ಜಾಡಿ ಇಳಿಸಿದರು, ಪಕ್ಕದ ಮನೆಯಿಂದ ಮಾವಿನಶುಂಠಿ ತಂದರು. ನಾನು ಒಂದು ಮಾತು ಜೋರಾಗಿ ಆಡಿಬಿಟ್ಟೆ. "ನನ್ನ ಪಾಡಿಗೆ ನನ್ನ ಬಿಡಿ, ನಿಮಗೆ ಮೊಮ್ಮಗ ಹೆತ್ತು ಕೊಡೋಕೆ ಬಂದಿದೀನಾ ನಾನು?" ಮದುವೆಯಾಗಿ ಎಂಟು ವರ್ಷದಲ್ಲಿ ಅತ್ತೆಗೆ ನಾನು ಎದುರು ಮಾತಾಡಿದ್ದೇ ಇಲ್ಲ. ಅವರು ಜಾಡಿಯನ್ನು ಮೇಲಿಟ್ಟು ಒಳಗೆ ಹೋದರು. ನಾನು ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ. ಮರುದಿನ ಕೇಂದ್ರದಲ್ಲಿ ಒಬ್ಬ ಬಸುರಿಯನ್ನು ಎಲ್ಲರ ಮುಂದೆ ಗದರಿಸಿದೆ. ಅವಳು ಮಾಡಿದ್ದ ತಪ್ಪು ಏನೂ ಇಲ್ಲ, ಚೀಟಿ ಮರೆತು ಬಂದಿದ್ದಳು ಅಷ್ಟೇ.

ಭಾನುವಾರದ ಹೊತ್ತಿಗೆ ಕಾಯಿಲೆ ತಿರುಗಿ ಬಂದಿದೆ ಎಂದು ತೀರ್ಮಾನಿಸಿದ್ದೆ. ಇನ್ನು ಬದುಕಿಡೀ ಇಷ್ಟೇ, ಮಾತ್ರೆ ಇದ್ದರೆ ಮನುಷ್ಯಳು, ಇಲ್ಲದಿದ್ದರೆ ಇಲ್ಲ. ಯಾರಿಗೂ ಹೇಳಲಿಲ್ಲ. ಟ್ರಂಕಿನ ಬೀಗದ ಕೈ ಸೆರಗಿನ ತುದಿಯಲ್ಲೇ ಇತ್ತು, ಆದರೂ ತೆಗೆಯಲಿಲ್ಲ. ಅದೊಂದು ಹಟ.

ಮಂಗಳವಾರ ಅಮೃತಹಳ್ಳಿಗೆ ಹೋಗುವ ದಿನ. ಬ್ಯಾಟರಾಯನಪುರದಲ್ಲಿ ಬಸ್ಸಿಳಿದು, ಹೊಲದ ದಾರಿಯಲ್ಲಿ ನಡೆದು, ಕೆರೆ ಏರಿ ಹತ್ತುವಷ್ಟರಲ್ಲಿ ಕಾಲು ಸೋತು ಅಲ್ಲೇ ಒಂದು ಹೊಂಗೆಮರದ ಬುಡದಲ್ಲಿ ಕೂತೆ. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಕಡೆಯಿಂದ ಸಣ್ಣ ವಿಮಾನವೊಂದು ತಲೆ ಮೇಲೆ ಗುಂಯ್‌ಗುಟ್ಟುತ್ತಾ ಸುತ್ತು ಹಾಕುತ್ತಿತ್ತು. ಆ ಸದ್ದು ಕೇಳಿದರೇ ವಾಂತಿ ಬರುವ ಹಾಗೆ ಆಗುತ್ತಿತ್ತು.

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತುಕೊಂಡು ಆ ಊರಿನ ಸೂಲಗಿತ್ತಿ ಅಜ್ಜಿ ಬಂದಳು. ನಾನು ಆ ಊರಿಗೆ ಹೋಗತೊಡಗುವ ಮೊದಲು ಅಲ್ಲಿ ಹುಟ್ಟಿದ ಮಕ್ಕಳೆಲ್ಲ ಅವಳ ಕೈಗೇ ಬಿದ್ದವು. ಮೊದಲೆರಡು ವರ್ಷ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ ಅವಳಿಗೆ. ಆಮೇಲೆ, ಬಿಸಿನೀರಲ್ಲಿ ಕುದಿಸಿದ ಕತ್ತರಿಯಿಂದ ಹೊಕ್ಕುಳು ಕೊಯ್ದರೆ ಕೂಸು ಉಳಿಯುತ್ತೆ ಅನ್ನುವುದನ್ನು ಕಣ್ಣಾರೆ ಕಂಡು, ನನ್ನನ್ನು ತನ್ನವಳೆಂದು ಒಪ್ಪಿಕೊಂಡಿದ್ದಳು. ಹೊರೆ ಇಳಿಸಿ ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು.

"ಯಾಕ್ ತಾಯಿ, ಇಂಗೆ ಬೆವರ್ತಾ ಇದೀಯ? ಮೋಡ ಕವ್ಕೊಂಡೈತೆ, ತಣ್ಣಗೆ ಗಾಳಿ ಬೀಸ್ತೈತೆ."

"ಏನಿಲ್ಲ ಅಜ್ಜಿ, ಸ್ವಲ್ಪ ಪಿತ್ತ."

"ಪಿತ್ತ ಆದ್ರೆ ಕೈ ಯಾಕ್ ನಡುಗ್ತೈತೆ? ಅದಿರ್ಲಿ, ಏನ್ ಬಿಟ್ಟೆ?"

"ಬೆಳಿಗ್ಗೆ ಬರೀ ಕಾಫಿ..."

"ಏನ್ ತಿಂದೆ ಅಂತ ಕೇಳ್ನಿಲ್ಲ ನಾನು. ಏನ್ ಬಿಟ್ಟೆ ಅಂತ ಕೇಳ್ದೆ."

ಅವಳು ನೆಲದ ಮೇಲೆ ಕಡ್ಡಿಯಿಂದ ಗೀರುತ್ತಾ ತನ್ನ ಕತೆ ಹೇಳಿದಳು. ಒಮ್ಮೆ ಒಬ್ಬ ಬಾಣಂತಿ, ನಿನ್ನ ಬಾಯಿ ಹೊಗೆಸೊಪ್ಪಿನ ವಾಸನೆಗೆ ತಲೆ ಸುತ್ತುತ್ತೆ ಅಂದಳಂತೆ. ಅವಮಾನವಾಗಿ ಅವತ್ತೇ ಬಿಟ್ಟಳಂತೆ. "ಮೂರ್ನೇ ದಿನಕ್ಕೆ ತಲೆ ಸಿಡೀತು. ಮೈ ಬೆವರ್ತು. ಸೊಸೆ ಮ್ಯಾಲೆ ಚೆಂಬು ಎಸೆದೆ. ಯಾವ್ದೋ ಗಾಳಿ ಮೆಟ್ಕೊಂತು ಅಂದ್ಕೊಂಡೆ. ತಡೀನಾರ್ದೆ ಒಂದೆಸಳು ಬಾಯ್ಗೆ ಆಕ್ಕೊಂಡೆ, ಗಳಿಗೇಲಿ ಎಲ್ಲಾ ತಣ್ಣಗಾತು. ಆವಾಗ ತಿಳೀತು, ಇದು ರೋಗ ಅಲ್ಲ, ಬಿಟ್ಟಿದ್ದಕ್ಕೆ ಮೈ ಮಾಡೋ ರಚ್ಚೆ ಅಂತ. ಆಮ್ಯಾಕೆ ದಿನಾ ಒಂಚೂರು ಒಂಚೂರು ಕಮ್ಮಿ ಮಾಡ್ದೆ. ಬಿಡ್ತು."

"ಒಂದು ಗುಳಿಗೆ ಬಿಟ್ಟೆ ಅಜ್ಜಿ" ಅಂದೆ. ಯಾರಿಗೂ ಹೇಳದ್ದು ಅಲ್ಲಿ ಬಾಯಿಂದ ಹೊರಗೆ ಬಂತು. ಯಾವ ಗುಳಿಗೆ, ಯಾಕೆ, ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಓದ ವರ್ಸ ನೀನು ಬಂದಾಗ ಮರದ ಬೊಂಬೆ ಬಂದಂಗೆ ಬರ್ತಿದ್ದೆ. ಇವತ್ತು ಅಂಗಿಲ್ಲ ನೋಡು. ಬಯ್ತೀಯ, ಅಳ್ತೀಯ. ಇದು ಅದಲ್ಲ ತಾಯಿ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಮಾತನ್ನೇ ಹಿಡಿದು ಕೂತೆ. ನರ್ಸಾಗಿ ನಾನು ಮೊದಲು ಮಾಡಬೇಕಿದ್ದ ಕೆಲಸ ಅದು. ಆಗ ಏನಿತ್ತು, ಈಗ ಏನಿದೆ? ಆಗ ವಾಂತಿ ಇರಲಿಲ್ಲ, ಬೆವರು ಇರಲಿಲ್ಲ, ಮೂಗು ಸೋರಿರಲಿಲ್ಲ. ಆಗ ಕಾಯಿಲೆ ತಿಂಗಳುಗಟ್ಟಲೆ ತೆಗೆದುಕೊಂಡು ಒಳಗೆ ಬಂದಿತ್ತು. ಇದು ಗುಳಿಗೆ ಬಿಟ್ಟ ಮೂರನೇ ದಿನಕ್ಕೆ ಧಡಾರನೆ ಬಂತು. ಆಗ ಮಗಳು ಯಾರದೋ ಮಗು ಅನ್ನಿಸುತ್ತಿದ್ದಳು. ಈಗ ಅವಳು ಶಾಲೆಯಿಂದ ಹತ್ತು ನಿಮಿಷ ತಡವಾಗಿ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎರಡೂ ಬೇರೆ ಬೇರೆ. ಅಷ್ಟು ಸ್ಪಷ್ಟವಾಗಿ ಬೇರೆಯಾಗಿದ್ದದ್ದು ಎಂಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಯಜಮಾನರ ಜೊತೆ ಅವರ ಬೆಳಗಿನ ರೈಲು ಹತ್ತಿದೆ. ರೈಲಿನಲ್ಲೇ ಅವರಿಗೆ ಎಲ್ಲ ಹೇಳಿದ್ದು. ಅವರು ಕಿಟಕಿಯಾಚೆ ನೋಡುತ್ತಾ, "ಒಂದು ಮಾತು ನನಗೆ ಹೇಳಬಾರದಿತ್ತಾ?" ಅಂದರು, ಅಷ್ಟೇ. ಯಶವಂತಪುರದಲ್ಲಿ ಇಳಿಯಲಿಲ್ಲ. ಆಫೀಸಿಗೆ ಯಾರ ಕೈಯಲ್ಲೋ ಹೇಳಿಕಳಿಸಿ ನನ್ನ ಜೊತೆಗೇ ಬಂದರು.

ಡಾಕ್ಟರು ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು, ಆಗ ಏನಿತ್ತು ಈಗ ಏನಿದೆ ಎಂದು ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಎರಡು ಸಲ ಓದಿದರು.

"ಸಿಸ್ಟರ್, ಈ ಔಷಧಿ ನಮಗೂ ಹೊಸದು. ನಾವೂ ನಿಮ್ಮಂಥವರಿಂದಲೇ ಕಲೀತಾ ಇದೀವಿ. ಒಂದು ಕೇಳ್ತೀನಿ, ಈ ಎಂಟು ದಿನದಲ್ಲಿ ಗುಳಿಗೆ ಬೇಕು ಬೇಕು ಅಂತ ಆಸೆ ಆಯ್ತಾ?"

"ಇಲ್ಲ ಸಾರ್. ಅದನ್ನ ಕಂಡ್ರೇ ಸಿಟ್ಟು."

"ಹಾಗಾದರೆ ಇದು ಹೊಗೆಸೊಪ್ಪಿನ ಹಾಗೆ ಚಟ ಅಲ್ಲ. ಆದರೆ ಮೈ ಅದಕ್ಕೆ ಹೊಂದಿಕೊಂಡಿತ್ತು, ನೀವು ಒಂದೇ ಸಲಕ್ಕೆ ಕಿತ್ತುಕೊಂಡ್ರಿ. ಇವತ್ತೇ ಮತ್ತೆ ಶುರು ಮಾಡಿ. ಎರಡು ಮೂರು ದಿನದಲ್ಲಿ ಎಲ್ಲಾ ಇಳಿದುಬಿಟ್ಟರೆ ಬಿಟ್ಟಿದ್ದರಿಂದಲೇ ಆಗಿದ್ದು ಅಂತ ತಿಳೀರಿ. ಹಳೇ ಕಾಯಿಲೆ ಆಗಿದ್ದಿದ್ದರೆ ಅಷ್ಟು ಬೇಗ ಬಗ್ಗಲ್ಲ, ಅದಕ್ಕೆ ವಾರಗಳೇ ಬೇಕು, ನಿಮಗೇ ಗೊತ್ತಿದೆ."

"ಆಮೇಲೆ? ಬದುಕಿಡೀ ತಗೋಬೇಕಾ?"

"ಯಾಕೆ? ಬಿಡೋಣ. ಮೆಲ್ಲಗೆ ಬಿಡೋಣ."

ಇನ್ನೂ ಸಣ್ಣ ಅಳತೆಯ ಗುಳಿಗೆ ಬರೆದುಕೊಟ್ಟರು, ಒಂದೊಂದೇ ಮೆಟ್ಟಿಲು ಇಳಿಸುವುದಕ್ಕೆ. ಒಂದು ಸಲ ಇಳಿಸಿದರೆ ಮೂರು ವಾರ ಅಲ್ಲೇ ನಿಲ್ಲಬೇಕು. ಇಳಿಸಿದ ಮೇಲೆ ಒಂದಷ್ಟು ದಿನ ಹೊಟ್ಟೆ ತೊಳಸುವುದು, ಬೆವರು, ಕನಸು ಬಂದರೆ ಹೆದರಬಾರದು, ಕರಗಿ ಹೋಗುತ್ತವೆ. ತಡೆಯಲು ಆಗದಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಬೇಕು. ಅದರ ಬದಲು ರುಚಿ ಹೋಗುವುದು, ಬೆಳಗಿನ ಜಾವಕ್ಕೆ ಮುಂಚೆ ಎಚ್ಚರವಾಗುವುದು, ಯಾರೂ ಬೇಡ ಅನ್ನಿಸುವುದು ಶುರುವಾಗಿ ಎರಡು ವಾರವಾದರೂ ಬೆಳೆಯುತ್ತಲೇ ಇದ್ದರೆ ಬರಬೇಕು. "ಬದುಕೋದೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಬನ್ನಿ" ಅಂದರು. ಯಜಮಾನರ ಕಡೆ ತಿರುಗಿ, "ನೀವೂ ಕೇಳಿಸಿಕೊಂಡ್ರಲ್ಲ?" ಅಂದರು. ಅವರು ತಲೆಯಾಡಿಸಿದರು.

ಬುಧವಾರ ಮಧ್ಯಾಹ್ನ ಗುಳಿಗೆ ನುಂಗಿದೆ. ಶುಕ್ರವಾರ ಅತ್ತೆ ಇಂಗಿನ ಒಗ್ಗರಣೆ ಹಾಕಿದರು. ಏನೂ ಆಗಲಿಲ್ಲ. ಒಲೆಯ ಮುಂದೆ ನಿಂತು ಮೂಗು ತುಂಬ ಎಳೆದುಕೊಂಡೆ, ಒಂದು ಸಲ ಅಲ್ಲ, ಮೂರು ಸಲ. ನಾನು ಹುಚ್ಚಿಯಲ್ಲ, ಕಾಯಿಲೆ ತಿರುಗಿ ಬಂದಿಲ್ಲ! ಅವತ್ತು ಅತ್ತೆಯ ಕೈ ಹಿಡಿದು ನಡುಮನೆಯಲ್ಲಿ ಕೂರಿಸಿದೆ. ಬಸುರಿಯಲ್ಲ ಅಂತ ಹೇಳಿದೆ, ಯಾಕೆ ಹಾಗಾಯಿತು ಅಂತ ಹೇಳಿದೆ, ಆಡಿದ ಮಾತಿಗೆ ಕಾಲು ಮುಟ್ಟಿದೆ.

ಅತ್ತೆ ನನ್ನನ್ನು ಹಿಡಿದು ಎಬ್ಬಿಸಿದರು. "ಹೋಗ್ಲಿ ಬಿಡು. ಆ ಮಾವಿನಶುಂಠಿ ಉಪ್ಪಿನಕಾಯಿ ಹಾಕಿದ್ರಾಯ್ತು" ಅಂದರು. ಆಮೇಲೆ, "ಮುಂದಿನ ಸಲ ಕಮ್ಮಿ ಮಾಡೋ ದಿನ ನಂಗೆ ಮೊದ್ಲೇ ಹೇಳು. ಅವತ್ತಿಂದ ಒಂದು ವಾರ ಒಗ್ಗರಣೆ ಹಾಕಲ್ಲ" ಅಂದರು.

ಹಾಗೇ ನಡೆಯಿತು. ಕೇಂದ್ರದಲ್ಲಿ ಜ್ವರದವರಿಗೆ ಬರೆಯುವ ಚಾರ್ಟಿನ ಹಾಗೆ ನನಗೆ ನಾನೇ ಒಂದು ಚಾರ್ಟು ಗೀಚಿಕೊಂಡೆ. ನಿದ್ದೆ, ಊಟ, ವಾಂತಿ, ಬೆವರು, ಸಿಟ್ಟು, ಅಳು. ಮೊದಲ ಇಳಿಕೆಗೆ ಮೂರನೇ ದಿನ ತೊಳಸಿತು, ಏಳನೇ ದಿನಕ್ಕೆ ಹೋಯಿತು. ಎರಡನೆಯದಕ್ಕೆ ಬರೀ ಕನಸು. ಇಳಿಸಿದ ವಾರ ಅತ್ತೆ ರಾಗಿ ಅಂಬಲಿ, ನೀರು ಮಜ್ಜಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡುತ್ತಿದ್ದರು. ಸಂಜೆ ಕಾಫಿ ಬಿಟ್ಟೆ. ಮೊದಲೆಲ್ಲ ಸಂಜೆ ಮನೆ ಸೇರಿದರೆ ಹೊರಗೆ ಕಾಲಿಡದ ನಾನು ಮಗಳ ಕೈ ಹಿಡಿದು ಯಲಹಂಕ ಕೆರೆಯ ತನಕ ನಡೆದು ಬರುತ್ತಿದ್ದೆ. ಬೆವರು ನಡೆದದ್ದಕ್ಕೇ ಬಂತು ಅಂದುಕೊಂಡರೆ ಅದೊಂದು ಸಮಾಧಾನ. ರೇಗುವ ಹಾಗೆ ಅನ್ನಿಸಿದರೆ ಮೊದಲೇ ಹೇಳಿಬಿಡುತ್ತಿದ್ದೆ: "ಅತ್ತೆ, ಇವತ್ತು ನನ್ನ ಮಾತು ನಂಬಬೇಡಿ." ಅವರು ಮಗಳಿಗೆ, "ಅಮ್ಮನ ಹತ್ರ ಇವತ್ತು ಮಗ್ಗಿ ಒಪ್ಪಿಸ್ಬೇಡ, ನಂಗೊಪ್ಪಿಸು" ಅನ್ನುತ್ತಿದ್ದರು. ಅತ್ತೆಗೆ ಎಂಟರ ಮಗ್ಗಿಯ ಆಚೆ ಬರುತ್ತಿರಲಿಲ್ಲ.

ಒಂದು ಸಲ ಎಡವಿದೆ. ಸಂಕ್ರಾಂತಿ ಹೊತ್ತಿಗೆ ಚೆನ್ನಾಗಿದ್ದೇನೆ ಎಂದು ಆತುರ ಬಿದ್ದು ಎರಡು ಮೆಟ್ಟಿಲು ಒಟ್ಟಿಗೆ ಇಳಿದೆ. ಎಳ್ಳು ಬೀರಲು ಹೊರಟವಳು ಮೂರನೇ ಮನೆಯಲ್ಲಿ ತಲೆ ತಿರುಗಿ ತಟ್ಟೆಯ ಸಮೇತ ಕುಸಿದೆ. ಎಳ್ಳು, ಕೊಬ್ಬರಿ, ಸಕ್ಕರೆ ಅಚ್ಚು ಎಲ್ಲ ಅವರ ಅಂಗಳದ ರಂಗೋಲಿ ಮೇಲೆ. ಆದರೆ ಈ ಸಲ ಹೆದರಲಿಲ್ಲ. ಇದು ಏನೆಂದು ಗೊತ್ತಿತ್ತು. ಮನೆಗೆ ಬಂದು ಒಂದು ಮೆಟ್ಟಿಲು ಮೇಲೆ ಹತ್ತಿದೆ, ತಿಂಗಳು ಅಲ್ಲೇ ನಿಂತೆ. ಚಾರ್ಟಿನಲ್ಲಿ "ಆತುರ" ಎಂದು ಬರೆದು ಅಡಿಗೆರೆ ಎಳೆದೆ.

ಕೊನೆಯ ಗುಳಿಗೆ ನುಂಗಿದ್ದು ಯುಗಾದಿಗೆ ನಾಲ್ಕು ದಿನ ಮುಂಚೆ. ಬೇವುಬೆಲ್ಲ ತಿನ್ನುವ ಹೊತ್ತಿಗೆ ಸ್ವಲ್ಪ ತೊಳಸುತ್ತಿತ್ತು. ಬೇವಿಗೋ ಗುಳಿಗೆಗೋ ಗೊತ್ತಾಗಲಿಲ್ಲ. ಹತ್ತು ದಿನಕ್ಕೆ ಅದೂ ಹೋಯಿತು. ಒಂದು ತಿಂಗಳು ಕಳೆಯಿತು. ಚಾರ್ಟಿನ ಮನೆಗಳೆಲ್ಲ ಖಾಲಿ.

ವೈಶಾಖದ ಒಂದು ಬೆಳಿಗ್ಗೆ, ಬಿಸಿಲು ಚುರುಗುಟ್ಟತೊಡಗಿದ್ದಾಗ, ಅಮೃತಹಳ್ಳಿಯಿಂದ ರೈತರೊಬ್ಬರು ಎತ್ತಿನ ಗಾಡಿ ಹೊಡೆದುಕೊಂಡು ಕೇಂದ್ರಕ್ಕೆ ಬಂದರು. ಅವರ ಸೊಸೆಗೆ ನೋವು ಶುರುವಾಗಿದೆ, ಚೊಚ್ಚಲು, ಮಗು ತಿರುಗಿಲ್ಲ ಅಂತ ಸೂಲಗಿತ್ತಿ ಅಜ್ಜಿ ಹೇಳಿಕಳಿಸಿದ್ದಾಳೆ. ಕೇಂದ್ರದ ಡಾಕ್ಟರು ಅವತ್ತು ಹೆಸರಘಟ್ಟದ ಕಡೆ ಹೋಗಿದ್ದರು. ಚೀಲ ಎತ್ತಿಕೊಂಡು ಗಾಡಿ ಹತ್ತಿದೆ.

ಹೋಗಿ ನೋಡಿದರೆ ಸಾಗಿಸುವ ಹೊತ್ತು ಮೀರಿತ್ತು. ಮಗುವಿನ ಕುಂಡೆ ಮುಂದಾಗಿ ಬರುತ್ತಿತ್ತು. ಇಂಥ ಹೆರಿಗೆಯಲ್ಲಿ ಕೈ ಹಾಕಿ ಎಳೆಯುವುದೇ ದೊಡ್ಡ ತಪ್ಪು. ಮೈ ತಾನಾಗಿ ಇಳಿಯುವವರೆಗೆ ತಡೆದುಕೊಂಡಿದ್ದು, ಕೊನೆಗೆ ತಲೆಗೆ ಮಾತ್ರ ಕೈ ಕೊಡಬೇಕು, ಅದೂ ಹೂವಿನ ಹಾಗೆ. ಆಗ ಕೈ ನಡುಗಬಾರದು. ಎರಡು ವರ್ಷದಲ್ಲಿ ಮೊದಲು ಗುಳಿಗೆಯಿಂದ, ಆಮೇಲೆ ಗುಳಿಗೆ ಬಿಟ್ಟಿದ್ದರಿಂದ ನಡುಗಿದ ಕೈ ಇದು. ಸೋಪು ಹಚ್ಚಿ ತೊಳೆಯುತ್ತಾ ಒಂದು ಸಲ ಬೆರಳು ಚಾಚಿ ನೋಡಿಕೊಂಡೆ. ಕಲ್ಲಿನ ಹಾಗೆ ನಿಂತಿದ್ದವು.

"ಎಳೀತೀಯಾ?" ಅಂದಳು ಅಜ್ಜಿ, ಪಕ್ಕದಲ್ಲಿ ಹುಡುಗಿಯ ಬೆನ್ನು ಹಿಡಿದು.

"ಬೇಡ ಅಜ್ಜಿ. ಬರಲಿ, ತಾನೇ ಬರಲಿ."

ಕಾಲು ಜಾರಿತು, ಹೊಟ್ಟೆ ಕಂಡಿತು, ತೋಳು ಒಂದೊಂದಾಗಿ ಬಿಡಿಸಿಕೊಂಡಿತು. ಹುಡುಗಿ ಕೂಗುತ್ತಿದ್ದಳು, ನಾನು "ಇನ್ನೊಂದ್ಸಲ ನನ್ನ ತಾಯಿ, ಇನ್ನೊಂದ್ಸಲ" ಅನ್ನುತ್ತಿದ್ದೆ. ಮಗುವಿನ ಮೈಯನ್ನು ನನ್ನ ಮುಂಗೈ ಮೇಲೆ ಮಲಗಿಸಿಕೊಂಡು, ಗಲ್ಲ ಎದೆಗೆ ತಾಗುವ ಹಾಗೆ ಬಗ್ಗಿಸಿ ಮೆಲ್ಲಗೆ ಎತ್ತಿದೆ. ತಲೆ ಹೊರಬಂತು. ಹೆಣ್ಣುಮಗು. ನೀಲಿಗಟ್ಟಿತ್ತು. ಬಾಯಿ ಒರೆಸಿ, ಬೆನ್ನು ಉಜ್ಜಿ, ಪಾದಕ್ಕೆ ಬೆರಳಿಂದ ತಟ್ಟಿದೆ. ಇನ್ನೊಂದು ಸಲ ತಟ್ಟಿದೆ. ಆಮೇಲೆ ಮಗು ಒಂದು ಸಲ ಸೀನಿ, ಕೊಟ್ಟಿಗೆಯ ದನಗಳು ತಲೆ ಎತ್ತುವ ಹಾಗೆ ಕಿರುಚಿತು.

ಅಜ್ಜಿ ಚಪ್ಪಾಳೆ ತಟ್ಟಿ ಬಾಗಿಲಿಗೆ ಓಡಿ, "ನಮ್ ನರ್ಸಮ್ಮ ಗೆದ್ಲು ಕಣ್ರಪ್ಪೋ!" ಎಂದು ಬೀದಿಗೆಲ್ಲ ಕೂಗಿದಳು. ಹೆತ್ತವಳ ಹೆಸರೂ ಇಲ್ಲ, ಮಗುವಿನ ಮಾತೂ ಇಲ್ಲ. ನಾನು ಜೋರಾಗಿ ನಕ್ಕೆ. ಕಣ್ಣಲ್ಲಿ ನೀರೂ ಬಂತು.

ಆಮೇಲೆ ನನಗೆ ಆ ಗುಳಿಗೆ ಬೇಕಾಗಿಲ್ಲ. ಬೇಕಾಗಿದ್ದರೆ ಎರಡನೇ ಯೋಚನೆ ಮಾಡದೆ ತಗೊಳ್ಳುತ್ತಿದ್ದೆ, ಮುಚ್ಚಿಡುತ್ತಲೂ ಇರಲಿಲ್ಲ. ಅದು ನನ್ನನ್ನು ಬಾಗಿಲ ಬಳಿ ಕಲ್ಲಾಗಿ ನಿಂತಲ್ಲಿಂದ ಕರೆದು ತಂದಿತ್ತು. ನಾಚಿಕೆ ಯಾವಾಗ ಹೋಯಿತೋ ಗೊತ್ತಿಲ್ಲ, ಅದಕ್ಕೆ ಚಾರ್ಟು ಬರೆದಿರಲಿಲ್ಲ.

ಅವತ್ತು ಬಾಣಂತಿಯನ್ನೂ ಕೂಸನ್ನೂ ನೋಡಿಕೊಂಡು ಮುಗಿಯುವಷ್ಟರಲ್ಲಿ ನಡು ಮಧ್ಯಾಹ್ನ. ಆ ಮನೆಯವರು ಪಡಸಾಲೆಯಲ್ಲಿ ಎಲೆ ಹಾಕಿದರು. ಬಿಸಿ ಮುದ್ದೆ, ಬಸ್ಸಾರು, ಮೇಲೆ ತುಪ್ಪ. ಒಂದು ಮುದ್ದೆ ತಿಂದೆ, ಎರಡನೆಯದನ್ನೂ ತಿಂದೆ. ಮೂರನೆಯದು ಬೇಡವೆಂದು ಕೈ ಅಡ್ಡ ಹಿಡಿದರೂ ಆ ಮನೆಯ ಯಜಮಾನಿ ಕೇಳಲಿಲ್ಲ, ಎಲೆಗೆ ಹಾಕಿಯೇ ಬಿಟ್ಟರು.